ಮಸ್ಕಿ ಬೆಟ್ಟದಿಂದ ಡೋಲ್ಮಾ ಲಾ ತನಕ

ಪ್ರಶ್ನೆ: ನನಗೆ 54 ವರ್ಷ. ಸಿಂಧನೂರಿನಲ್ಲಿ ದಿನಾ ಐದು ಕಿಲೋಮೀಟರ್ ನಡೆಯುತ್ತೇನೆ. ಕೈಲಾಸ ಪರಿಕ್ರಮೆ ಮಾಡಬಲ್ಲೆನೆ?

ಉತ್ತರ: ಮಾಡಬಹುದು, ಆದರೆ ಕಾಲಿನ ಬಲವೊಂದನ್ನೇ ನಂಬಬೇಡಿ. ಪರಿಕ್ರಮೆ ಸುಮಾರು 52 ಕಿಲೋಮೀಟರ್, ಮೂರು ದಿನದ ನಡಿಗೆ. ನಿಜವಾದ ಪರೀಕ್ಷೆ ಎರಡನೇ ದಿನ: ದಿರಾಪುಕ್ ತಂಗುದಾಣದಿಂದ ಸುಮಾರು 5,630 ಮೀಟರ್ ಎತ್ತರದ ಡೋಲ್ಮಾ ಲಾ ಎಂಬ ಕಣಿವೆದಾರಿಯನ್ನು ಏರಬೇಕು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಬಯಲಿನ ಅರ್ಧದಷ್ಟೇ.

ಭತ್ತದ ಗದ್ದೆಗಳ ಸಮತಟ್ಟು ನೆಲದಲ್ಲಿ ಎಷ್ಟು ನಡೆದರೂ ಏರು ರೂಢಿಯಾಗದು. ವಾರಕ್ಕೆರಡು ದಿನ ಬಿಸಿಲೇರುವ ಮುಂಚೆ ಮಸ್ಕಿಯ ಮಲ್ಲಯ್ಯನ ಬೆಟ್ಟವನ್ನು ಆರು ಕಿಲೋ ಚೀಲ ಹೊತ್ತು ಹತ್ತಿ ಇಳಿಯಿರಿ. ಲಿಂಗಸುಗೂರಿನ ಕಡೆ ಹೋದಾಗ ಮುದಗಲ್ಲಿನ ಕೋಟೆಯನ್ನೂ ಸುತ್ತಿ. ಇಳಿಯುವಾಗ ಮೊಣಕಾಲು ನೋಯುತ್ತಿದೆಯೇ, ಗಮನಿಸಿ.

ಇಷ್ಟೆಲ್ಲ ಮಾಡಿದರೂ ಎತ್ತರದ ಕಾಯಿಲೆ ಗಟ್ಟಿಗರನ್ನೂ ಬಿಡುವುದಿಲ್ಲ; ನನಗೆ ಭಯವಿರುವುದು ಇಲ್ಲೇ. ತಲೆನೋವು, ವಾಕರಿಕೆ ಬಂದರೆ ಮುಚ್ಚಿಡಬೇಡಿ, ಏರುವುದನ್ನು ನಿಲ್ಲಿಸಿ. ಕೂತಾಗಲೂ ಏದುಸಿರು, ತಡವರಿಸುವ ನಡೆ ಕಂಡರೆ ರಾತ್ರಿಯಾಗಿದ್ದರೂ ಕೆಳಗಿಳಿಯಬೇಕು. ಎತ್ತರದ ಕಾಯಿಲೆ ತಡೆಯಲು ಬಳಸುವ ಅಸೆಟಝೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಸಲ್ಫಾ ಅಲರ್ಜಿಯಿದ್ದರೆ ಮೊದಲೇ ಹೇಳಿ.

ವಿದೇಶಾಂಗ ಸಚಿವಾಲಯ ನಡೆಸುವ ಕೈಲಾಸ ಯಾತ್ರೆಗೆ 18ರಿಂದ 70 ವಯಸ್ಸಿನವರು ಅರ್ಜಿ ಹಾಕಬಹುದು. ದೇಹತೂಕ ಸೂಚ್ಯಂಕ 25 ದಾಟಿರಬಾರದು. ನೀವು ತೂಕ ಬರೆದಿಲ್ಲ. ಇದೇ ವಾರ ತೂಕ, ರಕ್ತದೊತ್ತಡ, ಸಕ್ಕರೆ ನೋಡಿಸಿ, ಹೃದಯ ತಪಾಸಣೆಯನ್ನೂ ಮಾಡಿಸಿ ನನಗೆ ಬರೆಯಿರಿ.