ಈ ತಿಂಗಳ ಪಾಠ: ಪುಕ್ಕಟೆ ಆಟದ ಲೆಕ್ಕ



ಕೆಲವು ತಿಂಗಳ ಹಿಂದೆ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ ಆಯಿತು, ಸಾಲದ ಅರ್ಜಿ ಓದಿದರು. ಒಬ್ಬ ಸದಸ್ಯೆ ಮಗನ ಕಾಲೇಜು ಫೀಸಿಗೆ ಅಂತ 12,000 ರೂಪಾಯಿ ಕೇಳಿದರು. ಯಾರೂ ಮರುಪ್ರಶ್ನೆ ಕೇಳಲಿಲ್ಲ, ನಾವೂ ಕೇಳಲಿಲ್ಲ. ಸಭೆ ಮುಗಿದ ಮೇಲೆ ಆಕೆ ಬಾಗಿಲ ಹತ್ತಿರ ನಿಂತು ಅತ್ತರು. ಫೀಸಿಗೆಂದು ಕೂಡಿಟ್ಟ ಹಣ ಖಾತೆಯಲ್ಲಿರಲಿಲ್ಲ. ಮಗ ಮೊಬೈಲ್ ಆಟದಲ್ಲಿ ಇವತ್ತು ನೂರು, ನಾಳೆ ಇನ್ನೂರು ಅಂತ 'ಡೈಮಂಡ್' ಕೊಂಡು ಮುಗಿಸಿದ್ದ. ಪಿನ್ ಅವನಿಗೆ ಹೇಗೆ ಗೊತ್ತು ಎಂದು ಕೇಳಿದಾಗ, "ನನಗೆ ಒತ್ತಕ್ಕೆ ಬರಲ್ಲ ಸಿಸ್ಟರ್, ಅವನೇ ಒತ್ತಿಕೊಡ್ತಿದ್ದ" ಎಂದರು.

ಆ ಖಾತೆ ತೆರೆಸಿದವರು ನಾವು. ಪಿನ್ ಒತ್ತುವುದನ್ನು ಕಲಿಸದೆ ಬಿಟ್ಟವರೂ ನಾವೇ. ಆದ್ದರಿಂದ ಈ ಪಾಠ ನಮಗೂ ಸೇರಿದ್ದು.

ಮೊದಲಿಗೆ ಒಂದು ಮಾತು. ಆಟ ಕೆಟ್ಟದ್ದಲ್ಲ. ನಮ್ಮ ಅಜ್ಜಿಯರು ಅಳಗುಳಿಮಣೆ, ಚೌಕಾಬಾರ ಆಡುತ್ತಾ ರಾತ್ರಿ ಊಟ ಮರೆತವರೇ. ಇವತ್ತು ಫೋನಿನಲ್ಲಿ ಆಡುವ ಲೂಡೋ ಕೂಡ ನಮ್ಮ ಪಗಡೆಯ ಕಡೆಯದೇ. ಇಂಗ್ಲೆಂಡಿನವರು ನಮ್ಮ ಪಚ್ಚೀಸಿಯನ್ನು ಸರಳ ಮಾಡಿ 1896ರಲ್ಲಿ ಆ ಹೆಸರಿಟ್ಟರು. 2020ರ ಲಾಕ್‌ಡೌನಿನಲ್ಲಿ ನಮ್ಮಲ್ಲೇ ಎಷ್ಟು ಜನ ಅದನ್ನು ಆಡಲಿಲ್ಲ ಹೇಳಿ! 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ವಿಡಿಯೋ ಆಟಕ್ಕೂ ಪದಕ ಕೊಟ್ಟರು. ಆಟ ತಯಾರಿಸುವ ಕಂಪನಿಗಳು ಬೆಂಗಳೂರಿನಲ್ಲೇ ಇವೆ, ಚಿತ್ರ ಬರೆಯುವವರಿಗೆ, ಕಂಪ್ಯೂಟರ್ ಕಲಿತವರಿಗೆ ಅಲ್ಲಿ ಕೆಲಸ ಇದೆ. ಆದರೆ ಆಡಿಯೇ ಸಂಪಾದನೆ ಮಾಡುತ್ತೇನೆ ಎನ್ನುವ ಮಗನ ಮಾತನ್ನು ಪೂರ್ತಿ ನಂಬಬೇಡಿ. ಶಾಲೆ ಬಿಡದೆ ಆಡಲಿ, ನೋಡೋಣ.

ಹಾಗಾದರೆ ಪುಕ್ಕಟೆ ಆಟದ ಕಂಪನಿ ಬದುಕುವುದು ಹೇಗೆ? ನೀವು ಲೆಕ್ಕ ಬರೆಯುವವರು, ಕೇಳಬೇಕಾದ ಪ್ರಶ್ನೆ ಇದೇ. ಒಂದು, ಜಾಹೀರಾತು ತೋರಿಸಿ. ಇನ್ನೊಂದು, ಆಟದೊಳಗೆ ಸಾಮಾನು ಮಾರಿ: ಬಂದೂಕಿನ ಬಣ್ಣ, ಆಟಗಾರನ ಬಟ್ಟೆ, ಕುಣಿತ. ಇವನ್ನು ರೂಪಾಯಿಯಲ್ಲಿ ಮಾರುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಡೈಮಂಡ್ ಕೊಳ್ಳಬೇಕು, ಆಮೇಲೆ ಡೈಮಂಡಿನಿಂದ ಸಾಮಾನು. ಜಾತ್ರೆಯಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡ ಹಾಗೆ. ಕೈಯಲ್ಲಿರುವುದು ಅಪ್ಪನ ಕೂಲಿ ಅಂತ ಹುಡುಗನಿಗೆ ಅನ್ನಿಸುವುದೇ ಇಲ್ಲ. ಕೆಲವು ಆಟಗಳಲ್ಲಿ ಮುಚ್ಚಿದ ಪೆಟ್ಟಿಗೆ ಮಾರುತ್ತಾರೆ, ಒಳಗೆ ಏನಿದೆ ಅಂತ ಕೊಂಡ ಮೇಲೆಯೇ ಗೊತ್ತಾಗುವುದು. ಬೆಲ್ಜಿಯಂ ದೇಶ 2018ರಲ್ಲಿ ಇದು ಜೂಜು ಎಂದೇ ಹೇಳಿತು. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಮೊದಲಿಂದ ಶುರು. ಒಂದು ವಾರ ಉಳಿತಾಯ ತಪ್ಪಿದರೆ ನಾವು ದಂಡ ಹಾಕುತ್ತೇವಲ್ಲ, ಅದೇ ಉಪಾಯವನ್ನು ಇವರು ನಮ್ಮ ಮಕ್ಕಳ ಮೇಲೆ ಹಾಕಿದ್ದಾರೆ.

ಇನ್ನು ದಿನಾ ನಡೆಯುವ ಜಗಳ. "ಊಟಕ್ಕೆ ಬಾ ಅಂದ್ರೆ ಬರಲ್ಲ, ಫೋನ್ ಕಿತ್ಕೊಂಡ್ರೆ ಮೈಮೇಲೆ ಬರ್ತಾನೆ" ಎಂದು ಬಹಳ ತಾಯಂದಿರು ಹೇಳುತ್ತಾರೆ. ಪಬ್ಜಿಯಂಥ ಆಟದಲ್ಲಿ 100 ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಉಳಿದವರು ಗೆಲ್ಲುತ್ತಾರೆ. ಒಂದು ಸುತ್ತು ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸಿಡುವ ಹಾಗಿಲ್ಲ. ನಾಲ್ಕು ಜನರ ತಂಡವಾದರೆ ಎದ್ದು ಹೋದವನು ಉಳಿದ ಮೂವರಿಗೆ ಮೋಸ ಮಾಡಿದ ಹಾಗೆ. ಅವನ ಕಿವಿಯಲ್ಲಿ ಗೆಳೆಯರು ಕೂಗುತ್ತಿರುತ್ತಾರೆ, ಅಡುಗೆಮನೆಯಿಂದ ನಾವು. ಆದ್ದರಿಂದ ನಡುವೆ ಕಿತ್ತುಕೊಳ್ಳುವುದಕ್ಕಿಂತ ಶುರುವಿಗೆ ಮೊದಲೇ ಮಾತಾಡಿಕೊಳ್ಳಿ: ಇವತ್ತು ಎರಡು ಸುತ್ತು, ಆಮೇಲೆ ಫೋನ್ ನನ್ನ ಕೈಗೆ. ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್ಜಿಯನ್ನು ನಿಷೇಧಿಸಿತ್ತು. 2021ರಲ್ಲಿ ಅದೇ ಬಗೆಯ ಆಟ ಬೇರೆ ಹೆಸರಲ್ಲಿ ಬಂತು. ನಿಷೇಧ ಒಂದನ್ನೇ ನಂಬಿ ಕೂರುವ ಹಾಗಿಲ್ಲ.

ಎಲ್ಲ ಆಟವೂ ಚಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಚಟವನ್ನು ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆಡುವುದರ ಮೇಲೆ ಹಿಡಿತ ತಪ್ಪುವುದು, ಓದು, ಊಟ, ನಿದ್ದೆ ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕಷ್ಟ ಬಂದರೂ ಬಿಡಲಾಗದೆ ಇರುವುದು, ಇದು ಸಾಮಾನ್ಯವಾಗಿ ಒಂದು ವರ್ಷ ನಡೆದಿದ್ದರೆ ಅದು ಕಾಯಿಲೆ. ಕಾಯಿಲೆಗೆ ಬೈಗುಳ ಔಷಧಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಒಂದು ಕ್ಲಿನಿಕ್ ಇದೆ. ದೂರ ಅನ್ನುವವರು 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹಣ ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಬೇರೆಯೇ ಜಾತಿ. ಧರ್ಮರಾಯನಂಥವನೇ ಪಗಡೆಯಲ್ಲಿ ರಾಜ್ಯ ಸೋತ ಮೇಲೂ ಏಳಲಿಲ್ಲ, ನಮ್ಮ ಗಂಡಂದಿರು ಯಾವ ಲೆಕ್ಕ? (ಗಂಡಂದಿರು ಅಂತ ಮಾತ್ರ ಹೇಳಿದರೆ ತಪ್ಪಾದೀತು, ರಮ್ಮಿ ಆಡುವ ಹೆಂಗಸರನ್ನೂ ನೋಡಿದ್ದೇವೆ.) ಕರ್ನಾಟಕ 2021ರಲ್ಲಿ ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡಿ ಸೋತವರಿಗೆ ಅದರಲ್ಲಿ ಶಿಕ್ಷೆ ಇಲ್ಲ, ಹಾಗಾಗಿ ಹೆದರಿ ಮುಚ್ಚಿಡಬೇಡಿ. ಮೆಸೇಜಿನಲ್ಲಿ ಬರುವ ಲಿಂಕ್ ಒತ್ತಿ ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಪಿನ್ ಬದಲಾಯಿಸುವುದನ್ನು ಮುಂದಿನ ಸಭೆಯಲ್ಲಿ ನಮ್ಮ ಕಾರ್ಯಕರ್ತೆಯರು ಒಬ್ಬೊಬ್ಬರ ಕೈಯಲ್ಲೇ ಮಾಡಿಸುತ್ತಾರೆ, ಫೋನ್ ತನ್ನಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡುವುದನ್ನೂ ತೋರಿಸುತ್ತಾರೆ. ಯುಪಿಐ ಲೈಟ್ ಹಾಕಿಕೊಂಡಿದ್ದರೆ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದೇ ಇಲ್ಲ, ಅದನ್ನೂ ನೋಡಿಕೊಳ್ಳಿ. ಇನ್ನೊಂದು: ಮಗ ನಾಲ್ಕು ಗಂಟೆ ಆಡುವ ಮನೆಯಲ್ಲಿ ಮಗಳಿಗೆ ಪಾಠ ನೋಡಲು ಫೋನ್ ಕೊಡುವುದಿಲ್ಲ. ಇದನ್ನು ನಾವು ಒಂದಲ್ಲ ಹತ್ತು ಮನೆಯಲ್ಲಿ ಕಂಡಿದ್ದೇವೆ.

ಆ ಸದಸ್ಯೆ ಮರುವಾರ ಎದ್ದು ನಿಂತು ನಿಜ ಹೇಳಿದರು. ಸಂಘದಲ್ಲಿ ಜೋರು ಮಾತಾಯಿತು. ಸುಳ್ಳು ಕಾರಣಕ್ಕೆ ಸಾಲ ಇಲ್ಲ ಎಂದು ಕೆಲವರು, ಹುಡುಗನ ಓದು ನಿಲ್ಲಬಾರದು ಎಂದು ಕೆಲವರು. ಕೊನೆಗೆ ಠರಾವು ಪುಸ್ತಕದಲ್ಲಿ ನಿಜವಾದ ಕಾರಣವನ್ನೇ ಬರೆದು ಸಾಲ ಕೊಟ್ಟರು; ರಜೆಯಲ್ಲಿ ದುಡಿದು ಅರ್ಧ ಕಂತು ಕಟ್ಟಬೇಕೆಂದು ಹುಡುಗನನ್ನೂ ಕರೆಸಿ ಒಪ್ಪಿಸಿದರು. ಎರಡು ಕಂತು ಬಂದಿದೆ. ಮೂರನೆಯದು ಬಾಕಿ ಇದೆ.

ಇದೇ ಅರ್ಜಿ ನಿಮ್ಮ ಸಂಘಕ್ಕೆ ಬಂದಿದ್ದರೆ ಏನು ಮಾಡುತ್ತಿದ್ದಿರಿ? ಚರ್ಚಿಸಿ, ಠರಾವು ಪುಸ್ತಕದಲ್ಲಿ ಬರೆದಿಡಿ.