ಕೆಮ್ಮಿದರೆ ಸೋರುತ್ತದೆ, ಯಾರಿಗೆ ಹೇಳಲಿ?

ಪ್ರಶ್ನೆ: ಮೇಡಂ, ನನಗೆ 46 ವರ್ಷ, ಹೈಸ್ಕೂಲ್ ಟೀಚರ್. ಎರಡೂ ಮಕ್ಕಳು ಸಹಜ ಹೆರಿಗೆ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೂ ಮೂತ್ರ ಸೋರುತ್ತದೆ. ಈಚೆಗೆ ಒಂದಕ್ಕೆ ಬಂತು ಅನ್ನಿಸಿದರೆ ತಡೆಯಲಾಗದೆ ಓಡಬೇಕು. ಹೆದರಿ ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ. ಮಕ್ಕಳನ್ನು ಹೆತ್ತವರಿಗೆಲ್ಲ ಇದು ಇದ್ದದ್ದೇ ಅನ್ನುತ್ತಾರೆ ಅತ್ತೆ. ಆಪರೇಷನ್ ಬೇಕಾ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ಅತ್ತೆಯವರ ಮಾತು ಅರ್ಧ ನಿಜ. ತುಂಬ ಹೆಂಗಸರಿಗೆ ಹೀಗಾಗುತ್ತದೆ. ಹಾಗೆಂದು ಸಹಿಸಿಕೊಂಡೇ ಇರಬೇಕಿಲ್ಲ.

ನಿಮಗಿರುವುದು ಒಂದಲ್ಲ, ಎರಡು ತೊಂದರೆ. ಕೆಮ್ಮಿದಾಗ ಸೋರುವುದು ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಸಡಿಲವಾದದ್ದರಿಂದ. ಹೆರಿಗೆ, ಮೈತೂಕ, ಬಹುಕಾಲದ ಕೆಮ್ಮು, ಮಲಬದ್ಧತೆಯಿಂದ ದಿನವೂ ತಿಣುಕುವುದು, ಮುಟ್ಟು ನಿಲ್ಲುವ ವಯಸ್ಸು, ಎಲ್ಲಕ್ಕೂ ಇದರಲ್ಲಿ ಪಾಲಿದೆ. ತಡೆಯಲಾಗದೆ ಓಡುವುದು ಬೇರೆ: ಅಲ್ಲಿ ಮೂತ್ರಕೋಶ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ.

ನೀರು ಬಿಟ್ಟದ್ದು ಈ ಎರಡನೆಯದಕ್ಕೆ ಕೇಡೇ ಮಾಡಿರಬಹುದು. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶ ಕೆರಳುತ್ತದೆ, ಮಲವೂ ಗಟ್ಟಿಯಾಗುತ್ತದೆ. (ಎಷ್ಟೋ ಶಾಲೆಗಳಲ್ಲಿ ಟೀಚರುಗಳಿಗೆ ನೆಟ್ಟಗೊಂದು ಶೌಚಾಲಯವಿಲ್ಲ. ಆ ತಪ್ಪು ನಿಮ್ಮದಲ್ಲ.) ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ; ಕಾಫಿ, ಟೀ ಕಡಿಮೆ ಮಾಡಿ. "ಯಾವುದಕ್ಕೂ ಇರಲಿ" ಎಂದು ಬೆಲ್ಲಿಗೊಮ್ಮೆ ಹೋಗಿಬರುವ ಅಭ್ಯಾಸವಿದ್ದರೆ ಬಿಡಿ. ಸ್ವಲ್ಪಕ್ಕೇ ಅವಸರಪಡುವುದನ್ನು ಮೂತ್ರಕೋಶ ಕಲಿತುಬಿಡುತ್ತದೆ. ಹೋಗುವ ಹೊತ್ತನ್ನು ವಾರಕ್ಕಿಷ್ಟು ಎಂದು ನಿಧಾನವಾಗಿ ಮುಂದೂಡಿ.

ಸಡಿಲವಾದ ಸ್ನಾಯುಗಳಿಗೆ ಕೀಗಲ್ ವ್ಯಾಯಾಮವಿದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಬರೆದು ತಿಳಿಸಿದ್ದು. ನಾಲ್ಕು ಜನರ ನಡುವೆ ಗ್ಯಾಸ್ ತಡೆಯುತ್ತೀರಲ್ಲ, ಆಗ ಯಾವ ಸ್ನಾಯು ಮೇಲಕ್ಕೆ ಎಳೆಯುತ್ತದೋ ಅದೇ. ಕೆಲವು ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಬಿಡಿ. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಮೂತ್ರ ಮಾಡುತ್ತಿರುವಾಗ ಅಭ್ಯಾಸ ಮಾಡಬೇಡಿ. ಸೀನು ಬರುವ ಮುನ್ನವೂ ಒಮ್ಮೆ ಬಿಗಿಹಿಡಿಯಿರಿ. ಎಷ್ಟೋ ಜನ ಹದಿನೈದು ದಿನಕ್ಕೆ ಬೇಸತ್ತು ಬಿಡುತ್ತಾರೆ. 3 ತಿಂಗಳಾದರೂ ಮಾಡದೆ ಗುಣವಾಗಲಿಲ್ಲ ಎನ್ನಬೇಡಿ.

ಅದಕ್ಕೂ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಗರ್ಭಕೋಶ ಜಾರಿರುವುದು ಇವೆಯೇ ಎಂದು ನೋಡಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿ ಒಯ್ಯಿರಿ: ಅವುಗಳಲ್ಲಿ ಕೆಲವು ಮೂತ್ರ ಹೆಚ್ಚಿಸುತ್ತವೆ, ಕೆಲವು ಒಣಕೆಮ್ಮು ತರುತ್ತವೆ. ಮೂರು ದಿನ ಏನು ಕುಡಿದಿರಿ, ಯಾವಾಗ ಹೋದಿರಿ, ಯಾವಾಗ ಸೋರಿತು ಎಂದು ಬರೆದಿಟ್ಟರೆ ಅರ್ಧ ಪರೀಕ್ಷೆ ಮುಗಿದಂತೆ. ಅವಸರದ ತೊಂದರೆಗೆ ಮಾತ್ರೆಗಳಿವೆ. ಆಪರೇಷನ್ ಮಾತು ಇವೆಲ್ಲ ಆದಮೇಲೆ.

ಪ್ರಶ್ನೆ: ನಮ್ಮ ತಂದೆಗೆ 71. ಹಗಲೆಲ್ಲ ತೊಟ್ಟಿಕ್ಕುತ್ತದೆ, ರಾತ್ರಿ ಹಾಸಿಗೆ ಒದ್ದೆ. ವಯಸ್ಸಾಯಿತೆಂದು ಡೈಪರ್ ಹಾಕುತ್ತಿದ್ದೇವೆ. ಸರಿಯೇ?
(ಓದುಗ, ಧಾರವಾಡ)

ಉತ್ತರ: ಡೈಪರ್ ಇರಲಿ, ಆದರೆ ಈ ವಾರವೇ ಯೂರಾಲಜಿಸ್ಟ್ ಹತ್ತಿರ ಕರೆದೊಯ್ಯಿರಿ. ಸೋರುತ್ತಿದೆ ಎಂದರೆ ಖಾಲಿಯಾಗುತ್ತಿದೆ ಎಂದಲ್ಲ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ದಾರಿ ಒತ್ತಿದರೆ ಮೂತ್ರಕೋಶ ತುಂಬಿಯೇ ಇರುತ್ತದೆ. ಹಿಡಿಸದಷ್ಟು ಹೊರಗೆ ತೊಟ್ಟಿಕ್ಕುತ್ತದೆ. ಹಾಗೇ ಬಿಟ್ಟರೆ ಕಿಡ್ನಿ ಕೆಡಬಹುದು. ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ನೆಗಡಿಗೆಂದು ಅಂಗಡಿಯಿಂದ ಮಾತ್ರೆ ತಂದು ಕೊಡಬೇಡಿ, ಕೆಲವು ಮೂತ್ರವನ್ನು ಪೂರ್ತಿ ಕಟ್ಟಿಬಿಡುತ್ತವೆ.

ಪ್ರಶ್ನೆ: ಸೊಂಟನೋವು ಹಳೆಯದು. ಎರಡು ದಿನದಿಂದ ಕಾಲು ಜೋಮು, ಮೂತ್ರ ಹೋಗುವುದೇ ತಿಳಿಯುತ್ತಿಲ್ಲ.
(ಚಾಲಕ, 38)

ಉತ್ತರ: ಇವರಿಗೆ ಪತ್ರ ಸಿಕ್ಕ ದಿನವೇ ಫೋನಿನಲ್ಲಿ ತಿಳಿಸಿದ್ದೇನೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬೆನ್ನುಮೂಳೆಯ ಕೆಳತುದಿಯಲ್ಲಿ ನರಗಳು ಒತ್ತಿಹೋದಾಗ ಹೀಗಾಗುತ್ತದೆ. ಕೂರುವ ಜಾಗ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ತಡವಾದರೆ ಕಾಲಿನ ಬಲ, ಮೂತ್ರದ ಹಿಡಿತ ಮರಳದೆ ಹೋಗಬಹುದು. ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿದರೂ, ಚಳಿಜ್ವರದ ಜೊತೆ ಪಕ್ಕೆನೋವು ಬಂದರೂ ಅದೇ ದಿನ ತೋರಿಸಿ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ನಿಂತಿದ್ದರೂ ಬಿಡದೆ ಪರೀಕ್ಷೆ ಮಾಡಿಸಿ.