ದ್ವೀಪಕ್ಕೆ ಹೊರಡುವ ಮುನ್ನ

ಮಕ್ಕಳಿಗೆ ರಜೆ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಬರುವವರು ಕಾಯಿಲೆಯ ಜೊತೆಗೆ ಪ್ರವಾಸದ ಸುದ್ದಿಯನ್ನೂ ತರುತ್ತಾರೆ. "ಮಲ್ಪೆಗೆ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡ್ಕಂಡು ಬರ್ತೀವಿ ಸಾರ್. ಅಮ್ಮಂಗೆ ಶುಗರ್ ಐತೆ, ಕರ್ಕಂಡು ಹೋಗಬಹುದಾ?" ಎಂದು ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು. ಆದರೆ ಸಿದ್ಧತೆ ಮನೆಯಲ್ಲೇ ಆಗಬೇಕು.

ಈ ದ್ವೀಪ ಮಲ್ಪೆಯ ದಡದಿಂದ ಸುಮಾರು 6 ಕಿ.ಮೀ. ದೂರದಲ್ಲಿದೆ. ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾರಸ ತಣಿದು ಕಂಬಗಳಂತೆ ನಿಂತಿರುವ ಬಂಡೆಗಳೇ ಅಲ್ಲಿನ ವಿಶೇಷ. ಆದರೆ ಅಲ್ಲಿ ಜನವಸತಿ ಇಲ್ಲ, ಆಸ್ಪತ್ರೆಯೂ ಇಲ್ಲ. ಯಾರಿಗಾದರೂ ತೊಂದರೆಯಾದರೆ ದೋಣಿ ದಡ ಮುಟ್ಟುವ ತನಕ ನಿಮ್ಮ ಕೈಚೀಲದಲ್ಲಿ ಇರುವುದೇ ಔಷಧಿ. ಮಳೆಗಾಲದಲ್ಲಿ ದೋಣಿ ಸಂಚಾರ ನಿಲ್ಲುತ್ತದೆ. ಆದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಿ.

ಘಾಟಿಯ ದಾರಿ

ಹೊನ್ನಾಳಿ, ನ್ಯಾಮತಿಯವರು ನೇರವಾಗಿ, ಚನ್ನಗಿರಿಯವರು ಭದ್ರಾವತಿಯ ಮೇಲೆ, ಜಗಳೂರಿನವರು ದಾವಣಗೆರೆಯ ಮೇಲೆ ಶಿವಮೊಗ್ಗ ಸೇರಿದರೆ ಮುಂದೆ ತೀರ್ಥಹಳ್ಳಿ, ಆಗುಂಬೆ. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ವಾಂತಿ ಮಾಡದ ಮಕ್ಕಳು ಕಡಿಮೆ. ಕಣ್ಣು ಕಾಣುವುದಕ್ಕೂ ಒಳಕಿವಿ ಅನುಭವಿಸುವ ಚಲನೆಗೂ ಹೊಂದಾಣಿಕೆ ತಪ್ಪುವುದೇ ಇದಕ್ಕೆ ಕಾರಣ. ಬೆಳಿಗ್ಗೆ ಎರಡು ಇಡ್ಲಿಯಂಥ ಹಗುರ ಆಹಾರ ಕೊಡಿ. ಮುಂದಿನ ಸೀಟಿನ ಕಡೆ ಕೂರಿಸಿ, ದೂರದ ರಸ್ತೆಯನ್ನು ನೋಡಲು ಹೇಳಿ, ಮೊಬೈಲ್ ಬೇಡ. ವೈದ್ಯರು ಬರೆದುಕೊಟ್ಟ ವಾಂತಿಯ ಮಾತ್ರೆಯನ್ನು ಹೊರಡುವ ಅರ್ಧ-ಒಂದು ಗಂಟೆ ಮುಂಚೆ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಇದರಿಂದ ನಿದ್ದೆ ಬರುತ್ತದೆ. ಗಾಡಿ ಓಡಿಸುವವರು ನುಂಗಬಾರದು.

ಸಕ್ಕರೆ ಕಾಯಿಲೆ ಇದ್ದವರು

ಜಗಳೂರು ಕಡೆಯ ತಾಯಿಯೊಬ್ಬರು ದಾರಿಯಲ್ಲಿ ವಾಂತಿಯಾದೀತೆಂದು ಏನೂ ತಿನ್ನದೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ ಹೊರಟಿದ್ದರು. ಘಾಟಿ ಇಳಿಯುವಾಗ ಮೈ ಬೆವರಿ, ಕೈ ನಡುಗಿ, ಮಾತು ತೊದಲಿತು. ಮನೆಯವರು ಪಿತ್ತವೆಂದು ನಿಂಬೆಹಣ್ಣು ಮೂಸಿಸಿದರು. ಅದು ಪಿತ್ತವಲ್ಲ, ರಕ್ತದಲ್ಲಿ ಸಕ್ಕರೆ ಅಂಶ ಕುಸಿದಿತ್ತು. ಸೊಸೆ ಸಮಯಕ್ಕೆ ಸರಿಯಾಗಿ ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಇದೇ ದ್ವೀಪದ ಬಂಡೆಯ ಮೇಲೆ, ಯಾರಿಗೂ ತಿಳಿಯದೆ ಹೋಗಿದ್ದರೆ?

ಮಾತ್ರೆ ನುಂಗಿದವರು, ಇನ್ಸುಲಿನ್ ಚುಚ್ಚಿಕೊಂಡವರು ಊಟ ತಪ್ಪಿಸಬಾರದು. ಇಂಥ ಲಕ್ಷಣ ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಬೇಕಾದುದಕ್ಕಿಂತ ಎರಡು ದಿನ ಹೆಚ್ಚಿಗೆ, ಡಾಕ್ಟರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ನನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ದ್ವೀಪದ ತುಂಬ ಚಿಪ್ಪು, ಚೂಪು ಕಲ್ಲು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಗಾಯವಾದರೂ ತಿಳಿಯದಿರಬಹುದು, ಆದ್ದರಿಂದ ಬರಿಗಾಲಿನ ಓಡಾಟ ಬೇಡ.

ನೀರು ಕುಡಿಯಲು ಸಂಕೋಚವೇಕೆ?

ನಮ್ಮ ಹೆಣ್ಣುಮಕ್ಕಳು ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗಿನಿಂದಲೇ ನೀರು ಬಿಡುತ್ತಾರೆ. ಊರಿಗೆ ಮರಳಿದ ಮೇಲೆ ಉರಿಮೂತ್ರವೆಂದು ಬರುತ್ತಾರೆ. ಕರಾವಳಿಯ ಸೆಕೆಯಲ್ಲಿ ಬೆವರು ಧಾರಾಳ, ಆದರೆ ಗಾಳಿಯ ತೇವದಿಂದ ಅದು ಬೇಗ ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಗಂಟೆಗೊಮ್ಮೆ ನೀರು ಕುಡಿಯಿರಿ. ಗಂಡಸರು ದಾರಿಯಲ್ಲಿ ಗಾಡಿ ನಿಲ್ಲಿಸಲು ಬೇಸರಿಸಬಾರದು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರು ಹೇಳಿದ ಪ್ರಮಾಣ ಮೀರಬೇಡಿ. ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿಕೊಳ್ಳಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಬಂಡೆಯ ಮೇಲೆ ಕೂರುವುದನ್ನು ಬಿಟ್ಟು ಬೆಳಿಗ್ಗೆಯ ದೋಣಿಗೇ ಹೋಗಿ ಬನ್ನಿ.

ಸಮುದ್ರ ಕೆರೆಯಲ್ಲ

ಸೂಳೆಕೆರೆಯಲ್ಲಿ, ಭದ್ರಾ ನಾಲೆಯಲ್ಲಿ, ಹೊನ್ನಾಳಿಯ ತುಂಗಭದ್ರೆಯಲ್ಲಿ ಈಜು ಕಲಿತ ಹುಡುಗರ ಬಗ್ಗೆಯೇ ನನಗೆ ಹೆಚ್ಚು ಭಯ. ಈಜು ಬಾರದವನು ದಡದಲ್ಲೇ ನಿಲ್ಲುತ್ತಾನೆ. ಬಲ್ಲವನು ಮುಂದೆ ಹೋಗುತ್ತಾನೆ. ದಡಕ್ಕೆ ಬಡಿದ ಅಲೆಯ ನೀರು ಹಿಂದಿರುಗುವಾಗ ಕೆಲವೆಡೆ ಬಲವಾದ ಸೆಳೆತವಾಗುತ್ತದೆ. ಅದಕ್ಕೆದುರಾಗಿ ಈಜಿದರೆ ತೋಳು ಸೋಲುತ್ತದೆ. ಸಿಕ್ಕಿಕೊಂಡರೆ ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರದ ಪಾಲಾದರು. ಕಾವಲಿನವರು ಬೇಡವೆಂದ ಜಾಗಕ್ಕೆ ಇಳಿಯಲೇಬೇಡಿ. ಒದ್ದೆ ಬಂಡೆಯಂಚಿನಲ್ಲಿ ಫೋಟೋ ಬೇಡ. ದೋಣಿಯಲ್ಲಿ ಲೈಫ್ ಜಾಕೆಟ್ ತೊಡಿ.

ಮುಳುಗಿದವರನ್ನು ಮೇಲೆತ್ತಿದರೆ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ತಪ್ಪು; ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಎದೆಯ ನಡುವೆ ಬಲವಾಗಿ ಒತ್ತಬೇಕು. ಕಾವಲಿನವರನ್ನು ಕೂಗಿ, ದಡದಲ್ಲಿ 108ಕ್ಕೆ ಹೇಳಿಸಿ. ಈ ಕ್ರಮವನ್ನು ಮನೆಯಲ್ಲಿ ಒಬ್ಬರಾದರೂ ನಿಮ್ಮ ವೈದ್ಯರಿಂದ ಕಲಿತಿರುವುದು ಲೇಸು.

ಬುತ್ತಿ ಕಟ್ಟುವ ಹಿಂದಿನ ರಾತ್ರಿ ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲೇ ಅಮ್ಮನ ಮಾತ್ರೆ, ಒಂದು ಪೊಟ್ಟಣ ಸಕ್ಕರೆ, ಓ.ಆರ್.ಎಸ್. ಇಡಿ. ಹೋದಷ್ಟೇ ಜನ ನಗುನಗುತ್ತ ಮನೆಗೆ ಮರಳಿದರೆ ಅದೇ ಒಳ್ಳೆಯ ಪ್ರವಾಸ.